ಹುಳಿಯಾದ ಹೂಳು

ಸುಬ್ರಾಯರು ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ನೋಡುವವರು. ಕೊಚ್ಚಿಯ ಕಲೂರಿನ ಸರಕಾರಿ ಪ್ರಯೋಗಾಲಯದಲ್ಲಿ ಯಂತ್ರ ಇಲ್ಲವೆಂದಲ್ಲ. ಆದರೂ ಕಾಸರಗೋಡಿನ ಈ ಮನುಷ್ಯ ಒಂದು ಚಿಟಿಕೆ ನೆಕ್ಕಿ, ಉಗುಳಿ, ಆಮೇಲೆಯೇ ಸಹಿ ಹಾಕುತ್ತಿದ್ದದ್ದು. ಆ ನಾಲಿಗೆಯ ಮೇಲೆ ಅವರಿಗೆ ಕೊಂಚ ಜಂಬವೂ ಇತ್ತು.

ತಿರುವನಂತಪುರದಾಚೆ ಪಿಂಗಾಣಿ ಮಣ್ಣು ಅಗೆದ ಕಂಪನಿಯೊಂದು, ಗುಂಡಿ ಬರಿದಾದ ಮೇಲೆ, ಹುಲ್ಲೂ ಹುಟ್ಟದ ಬಿಳಿ ಕಸಮಣ್ಣಿನ ದಿಬ್ಬ ಬಿಟ್ಟು ಹೋಗಿತ್ತು. ಮಳೆ ಬಂದರೆ ಕೆಳಗಿನ ಹದಿನೆಂಟು ಮನೆಗಳ ಒಂದೇ ಬಾವಿಗೆ ಹಾಲಿನಂಥ ಕೆಸರು ಇಳಿಯುತ್ತಿತ್ತು. ಗುಂಡಿ ತೋಡಿದವನನ್ನು ಯಾರೂ ಕೇಳಲಿಲ್ಲ. ಮುಚ್ಚುವುದಕ್ಕೆ ಮಾತ್ರ ಮೂರು ಪ್ರತಿ ಅರ್ಜಿ ಬೇಕಾಯಿತು. ಕೊನೆಗೆ ೧೯೬೬ರಲ್ಲಿ ಒಂದು ಉಪಾಯ ಹೊಳೆಯಿತು. ಕೊಚ್ಚಿಯ ವೈಟ್ಟಿಲದ ಕಾಲುವೆಯಿಂದ ಎತ್ತಿ ಹಾಕಿದ ಹೂಳನ್ನು ಖಾಲಿ ಮರಳುವ ದೋಣಿಗಳಲ್ಲಿ ತೆಂಕಲಿಗೆ ಸಾಗಿಸಿ, ತೆಂಗಿನ ನಾರಿನ ಪುಡಿ ಬೆರೆಸಿ, ದಿಬ್ಬಕ್ಕೆ ಹೊದಿಸುವುದು. ಕಸಕ್ಕೆ ಕಸವೇ ಮದ್ದು. ಯೋಚನೆ ಒಳ್ಳೆಯದೇ.

ಸುಬ್ರಾಯರು ಹೂಳನ್ನು ಹಸಿಯಾಗಿಯೇ ನೆಕ್ಕಿದರು. ಹುಳಿಯಿಲ್ಲ. ಯಂತ್ರವೂ ಸೈ ಎಂದಿತು. 'ಯೋಗ್ಯ' ಎಂದು ಬರೆದು ಸಹಿ ಹಾಕಿದರು. ಮಿಕ್ಕ ಹೂಳನ್ನು ಹೆಂಡತಿ ರತ್ನಳ ಮಲ್ಲಿಗೆ ಕುಂಡಕ್ಕೆ ಹಾಕಿದರು.

ಮೂರು ವಾರವಾಯಿತು. ಒಂದು ಬೆಳಿಗ್ಗೆ ರತ್ನ ಕುಂಡವನ್ನೇ ತಂದು ಕಾಫಿ ಲೋಟದ ಪಕ್ಕ ಕುಕ್ಕಿದಳು.

"ನಿಮ್ಮ ಗೊಬ್ಬರ ನನ್ನ ಮಲ್ಲಿಗೆಯನ್ನು ಸುಟ್ಟಿತು ಮಾರಾಯ್ರೆ! ಎಂತ ತಂದು ಹಾಕಿದ್ದು?"

ಒಣಗಿ ಬಿರಿದ ಹೂಳಿನಲ್ಲಿ ಅರಿಸಿನ ಬಣ್ಣದ ಚುಕ್ಕೆಗಳು. ಸುಬ್ರಾಯರು ಒಂದು ಚೂರು ನಾಲಿಗೆಗಿಟ್ಟರು. ಬಿಂಬುಳಿ ಕಾಯಿ ಕಚ್ಚಿದಂತೆ ಮುಖ ಹಿಂಡಿತು. ಹಸಿಯಿರುವಾಗ ಸಾಧುವಾಗಿದ್ದ ಹೂಳು ಗಾಳಿ ಕುಡಿದು ಆಮ್ಲವಾಗಿತ್ತು. ದಿಬ್ಬದ ಮೇಲೂ ಇದೇ ಒಣಗುತ್ತಿದೆ. ಮೇ ಇಪ್ಪತ್ತು. ಮಳೆಗೆ ಇನ್ನು ಹತ್ತು ದಿನ. ಮೊದಲ ಮಳೆಗೇ ಈ ಹುಳಿಯಷ್ಟೂ ಬಾವಿಗೆ.

ಕಚೇರಿಯಲ್ಲಿ ಮೈಸೂರಿನ ಜನಾರ್ದನ ಮೇಲಧಿಕಾರಿ. ಕೇಳಿ ನಕ್ಕುಬಿಟ್ಟರು.

"ಏನ್ರೀ, ನಿಮ್ಮ ಸಹಿ ನಿಮಗೇ ಹುಳಿಯಾಯ್ತಾ? ಪ್ರಮೋಷನ್ ಪಟ್ಟೀಲಿ ಹೆಸರಿದೆ, ಸುಮ್ನಿರಿ. ಹೂಕುಂಡ ಒಣಗ್ತು ಅಂತ ಸರಕಾರದ ಕೆಲಸ ನಿಲ್ಲತ್ತೇನ್ರೀ?"

"ಕೆಳಗೆ ಬಾವಿ ಉಂಟು ಸಾರ್."

"ಬಾವಿ ನಿಮ್ಮಪ್ಪಂದಾ?"

ಸುಬ್ರಾಯರು ರಜೆ ಚೀಟಿ ಬರೆದಿಟ್ಟು ರೈಲು ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯಿಂದ ಆಕಾಶವನ್ನೇ ನೋಡಿದರು. ಕೊಲ್ಲಂ ದಾಟುವಾಗ ಪಡುವಣದಲ್ಲಿ ಮೋಡ ಕಂಡಿತು. ಬಾಯಲ್ಲಿ ಆ ಹುಳಿ ಇನ್ನೂ ಇತ್ತು.

ದಿಬ್ಬದ ಅರ್ಧ ಆಗಲೇ ಹೂಳು ಹೊದ್ದು ಕಪ್ಪಾಗಿತ್ತು. ಕಪ್ಪಿನ ಮೇಲೆ ಹಳದಿ ಚುಕ್ಕೆ. ಬಾವಿಕಟ್ಟೆಯಲ್ಲಿ ಕೌಸಲ್ಯಾ ಎಂಬಾಕೆ ನೀರು ಸೇದುತ್ತಿದ್ದಳು.

"ಸಾರೇ, ಈ ಕೊಲ್ಲಮೆಂಗಿಲುಂ ನಲ್ಲ ವೆಳ್ಳಂ ಕಿಟ್ಟುಮೋ?" ಈ ವರ್ಷವಾದರೂ ಒಳ್ಳೆಯ ನೀರು ಸಿಗುವುದೇ, ಎಂದು ಕೇಳಿದಳು. ಸುಬ್ರಾಯರು ಜೇಬಿನಿಂದ ಪೆನ್ನು ತೆಗೆದರು.

ಕಾಗದವಿಲ್ಲದೆ, ಹೂಳು ಹೊದಿಸುತ್ತಿದ್ದ ಗುತ್ತಿಗೆದಾರ ಕೆಲಸ ನಿಲ್ಲಿಸುವವನಲ್ಲ. ಅಲ್ಲೇ ದಿಬ್ಬದ ಬುಡದಲ್ಲಿ ಕುಳಿತು, ಮೊಣಕಾಲ ಮೇಲೆ ಹಾಳೆಯಿಟ್ಟು ಬರೆದರು: 'ನನ್ನ ಪ್ರಮಾಣಪತ್ರ ತಪ್ಪು. ಹೂಳನ್ನು ಕೂಡಲೇ ಕೆರೆದು ತೆಗೆಯತಕ್ಕದ್ದು.' ಸಹಿ ಹಾಕಿ ಗುತ್ತಿಗೆದಾರನ ಕೈಗೆ ಕೊಟ್ಟರು.

ಒಂಬತ್ತು ದಿನ ಹದಿನೆಂಟು ಮನೆಯವರೂ ಬುಟ್ಟಿ ಹೊತ್ತರು. ಹೂಳನ್ನು ಹಳೆಯ ಗುಂಡಿಯ ಆಚೆಗೆ ಗುಪ್ಪೆ ಹಾಕಿ, ಕಪ್ಪೆಚಿಪ್ಪಿನ ಸುಣ್ಣ ಬೆರೆಸಿ, ಬಾವಿಯ ಕಡೆ ಹರಿಯದಂತೆ ಚರಂಡಿ ತೋಡಿದರು. ಕೊನೆಯ ಬುಟ್ಟಿ ಇಳಿಸುವಾಗ ಮಳೆ ಬಿತ್ತು. ಆ ವರ್ಷವೂ ಬಾವಿಗೆ ಬಂದದ್ದು ಹಳೆಯ ಬಿಳಿ ಕೆಸರೇ; ಹುಳಿ ಬರಲಿಲ್ಲ. ಎರಡು ಮಳೆಗಾಲ ತೊಳೆದ ಆ ಮಣ್ಣನ್ನು ಮತ್ತೆ ಹೊದಿಸಿದ ಮೇಲೆಯೇ ದಿಬ್ಬ ಹಸಿರಾದದ್ದು.

ಪಟ್ಟಿಯಿಂದ ಸುಬ್ರಾಯರ ಹೆಸರು ಹಾರಿತು. ಹೂಳು ಸುರಿಯುವುದನ್ನು ನಿಲ್ಲಿಸಲೊಪ್ಪದವರ ಹೆಸರು ಯಾವ ಪಟ್ಟಿಯಿಂದಲೂ ಹಾರಲಿಲ್ಲ.

ಆಮೇಲೂ ಪ್ರತಿ ಜೂನ್‌ನಲ್ಲಿ ಅವರು ಆ ಬಾವಿಗೆ ಹೋಗುತ್ತಿದ್ದರು. ನೀರು ಸೇದಿ ಬಾಯಿಗೆ ಹಾಕಿ ನಿಲ್ಲುತ್ತಿದ್ದರು. "ಮಧುರಮಲ್ಲೇ ಸಾರೇ?" ಸಿಹಿಯಲ್ಲವೇ, ಎಂದು ಕೌಸಲ್ಯಾ ನಗುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ಆದರೂ ಒಂದು ಬಾಟಲಿ ತುಂಬಿ ಕೊಚ್ಚಿಗೆ ಒಯ್ಯುತ್ತಿದ್ದರು, ವಾರ ಬಿಟ್ಟು ಇನ್ನೊಮ್ಮೆ ನೋಡಲಿಕ್ಕೆ.