ಬೀದಿ ನಡುವಿನ ಸಿಮೆಂಟ್ ಬೆಂಚು

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ರೇಷ್ಮೆ ಮಗ್ಗವಿತ್ತು. ಬೆಳಗಾದರೆ ಸೀರೆಯ ಉದ್ದನೆಯ ಎಳೆಗಳನ್ನು, ಅಂದರೆ ಹಾಸನ್ನು, ಬೀದಿಯುದ್ದಕ್ಕೂ ಬಿಗಿದು ಕಟ್ಟಿ ನೇರ ಮಾಡುತ್ತಿದ್ದೆವು. ಆ ಹೊತ್ತಿನಲ್ಲಿ ಹಾಲಿನವನೂ ಸೈಕಲ್ಲಿನಿಂದ ಇಳಿದು, ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಗರಸಭೆಯ ಬಡಾವಣೆ ಅಭಿವೃದ್ಧಿ ಸಮಿತಿಯವರು ಬಂದು, ಬೀದಿಗೆ ಏನು ಬೇಕು ಎಂದು ಕೇಳಿದರು.

"ಚರಂಡಿ ಕಟ್ಕಂಡದೆ, ಅದ್ನ ತೆಗ್ಸಿ ಸಾ. ಬೀದೀನ ಮಾತ್ರ ಇಂಗೇ ಬುಟ್ಬುಡಿ" ಎಂದ ಅಪ್ಪ.

ಅಧ್ಯಕ್ಷರು ತಲೆಯಾಡಿಸಿದರು. ಅದನ್ನೇ ಒಪ್ಪಿಗೆ ಎಂದುಕೊಂಡ ನಮ್ಮ ದಡ್ಡತನಕ್ಕೆ ಏನು ಹೇಳಲಿ!

ಬೀದಿಯ ನಟ್ಟನಡುವೆ ಸಿಮೆಂಟ್ ಬೆಂಚುಗಳೂ ಹೂಕುಂಡಗಳೂ ಬಂದವು. ಪಕ್ಕಕ್ಕಾದರೂ ಸರಿಸಿ ಎಂದು ಬೇಡಿಕೊಂಡೆವು. ಪಕ್ಕದಲ್ಲಿ ಚರಂಡಿ ನಾರುತ್ತದೆ, ಜನ ಹೇಗೆ ಕೂರುತ್ತಾರೆ ಎಂದು ನಮ್ಮನ್ನೇ ಕೇಳಿದರು. ಹಾಸನ್ನು ಊರಾಚೆಯ ಬಯಲಿಗೆ ಹೊತ್ತೊಯ್ದೆವು. ಅಲ್ಲಿನ ಗಾಳಿಗೆ ಎಳೆ ಕಡಿಯಿತು, ದೂಳಿಗೆ ಬಣ್ಣ ಕೆಟ್ಟಿತು. ಒಂದೊಂದಾಗಿ ಮಗ್ಗಗಳು ನಿಂತವು, ಕೊನೆಗೆ ನಮ್ಮದೂ.

ತಿಂಗಳುಗಳ ಮೇಲೆ ನಡೆದ ಬೆಂಚುಗಳ ಉದ್ಘಾಟನೆಯ ದಿನ ಅಪ್ಪನನ್ನು ಬೀದಿಯ ಹಿರಿಯ ನೇಕಾರನೆಂದು ಕರೆದು, ಅದೇ ಬೆಂಚಿನ ಮೇಲೆ ಕೂರಿಸಿ ಶಾಲು ಹೊದಿಸಿದರು. ಫೋಟೋ ತೆಗೆಸಿಕೊಂಡು, ಲಾಡು ತಿಂದು ಹೊರಟುಹೋದರು. ಅಪ್ಪ ಮಾತ್ರ ಅಲ್ಲೇ ಕೂತು ಶಾಲಿನ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ. ಮಿಲ್ಲಿನ ಪಾಲಿಯೆಸ್ಟರ್.

"ಇದುಕ್ಕೆ ಬೀದಿ ಬೇಕಾಗಿಲ್ಲ ಕಣ್ಲಾ" ಎಂದ.