ಬರ್ಮಾದ ಕೆಂಪು

ಇವತ್ತು ಬೆಳಿಗ್ಗೆ ಪೇಪರಿನೊಳಗಿಂದ ಬಣ್ಣದ ಚೀಟಿಯೊಂದು ಜಾರಿ ಬಿತ್ತು. ‘ಲ್ಯಾಬ್‌ನಲ್ಲಿ ಬೆಳೆದ ವಜ್ರಗಳು’ ಎಂದಿತ್ತು. ಬೆಳೆದ ಎಂದು ಓದಿದರೆ ಬಸಳೆ ಚಪ್ಪರವೇ ಕಣ್ಣಿಗೆ ಬರುವ ಬುದ್ಧಿ ನನ್ನದು. ಒಬ್ಬಳೇ ನಕ್ಕೆ. ನಕ್ಕದ್ದು ಚೀಟಿಗಲ್ಲ, ನೋಡಿ; ಕಾವೂರಿನ ದೊಡ್ಡಮ್ಮ ನೆನಪಾದದ್ದಕ್ಕೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅವರ ಬೆರಳಲ್ಲೊಂದು ಕೆಂಪಿನ ಉಂಗುರ, ಅಂದರೆ ಮಾಣಿಕ್ಯದ್ದು. ಮದುವೆಯ ದಿನ ಅವರ ಅತ್ತೆ ತೊಡಿಸಿದ್ದು. ತೊಡಿಸಿದ್ದು ಒಮ್ಮೆ, ಅದನ್ನು ಹೇಳಿ ಹಂಗಿಸಿದ್ದು ಸಾಯುವವರೆಗೆ. ‘ಬರ್ಮಾದ ಕಲ್ಲು. ನಿನ್ನ ತವರಲ್ಲಿ ಇಂಥದ್ದು ಕಂಡವರು ಉಂಟಾ?’ ಸಾರಿಗೆ ಉಪ್ಪು ಹೆಚ್ಚಾದರೂ ಬರ್ಮಾ, ಮಧ್ಯಾಹ್ನ ಅರೆಗಳಿಗೆ ಅಡ್ಡಾದರೂ ಬರ್ಮಾ. ಬೂತಾಯಿ ಮೀನು ತೊಳೆಯುವಾಗ ದೊಡ್ಡಮ್ಮ ಉಂಗುರವನ್ನು ಕುಂಕುಮದ ಡಬ್ಬಿಯಲ್ಲಿಟ್ಟು, ಎರಡೆರಡು ಸಲ ಮುಚ್ಚಳ ತೆರೆದು ನೋಡಿ ಬರುತ್ತಿದ್ದರು. ಅತ್ತೆ ತೀರಿಕೊಂಡ ಮೇಲೂ ಆ ಹೆದರಿಕೆ ಹೋಗಲಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ನಿಶ್ಚಿತಾರ್ಥದ ಹೊತ್ತಿಗೆ ಗಲಾಟೆ ಶುರುವಾಯಿತು. ಬೈಕಂಪಾಡಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಹುಡುಗನೂ ನಾನೂ ಲ್ಯಾಬ್ ವಜ್ರದ ಉಂಗುರವೇ ಸಾಕೆಂದು ಮಾತಾಡಿಕೊಂಡಿದ್ದೆವು. ದೊಡ್ಡಮ್ಮ ಕೆಂಡವಾದರು.

‘ಎಂತ ಮಾರಾಯ್ತಿ, ಕುಕ್ಕರಲ್ಲಿ ಬೇಯಿಸಿದ ವಜ್ರವಾ? ಬಾ, ಅಸಲಿ ಕಲ್ಲು ಹೇಗಿರ್ತದೆ ಅಂತ ತೋರಿಸ್ತೇನೆ.’

ಪರಿಚಯದ ಚಿನ್ನದಂಗಡಿಗೆ ಎಳೆದುಕೊಂಡು ಹೋದರು. ಉಂಗುರ ಬಿಚ್ಚಿಟ್ಟು, ‘ಇವಳಿಗೆ ಸ್ವಲ್ಪ ಬುದ್ಧಿ ಹೇಳಿ’ ಎಂದರು. ಅಂಗಡಿಯ ಹಿರಿಯರು ಕಣ್ಣಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

‘ಇದು ಕೆಂಪೇ ಅಮ್ಮಾ. ಆದರೆ ನೆಲದಿಂದ ತೆಗೆದದ್ದಲ್ಲ. ಒಳಗೆ ಬಿಲ್ಲಿನ ಹಾಗೆ ಬಾಗಿದ ಗೆರೆ, ಗುಳ್ಳೆ ಉಂಟು. ಕಾರ್ಖಾನೆಯಲ್ಲಿ ಬೆಳೆಸಿದ್ದು. ಅಜ್ಜನ ಕಾಲದಿಂದಲೂ ಮಾಡ್ತಾರೆ.’

‘ಹಾಗಾದರೆ... ಬರ್ಮಾ?’

‘ಬರ್ಮಾ ಅಲ್ಲ.’

ದೊಡ್ಡಮ್ಮನ ಮುಖ ಬಿಳಿಚಿತು. ಅಳುತ್ತಾರೆಂದು ಕೈ ಹಿಡಿದೆ. ಕೈ ನಡುಗುತ್ತಿತ್ತು, ಮತ್ತೆ ಭುಜ, ಆಮೇಲೆ ಹೊಟ್ಟೆ. ನಗು! ಕುರ್ಚಿ ಕಿರುಗುಟ್ಟುವಂಥ, ಕಣ್ಣೀರು ಸುರಿಯುವಂಥ ನಗು. ‘ನಲವತ್ತು ವರ್ಷ ಮಾರಾಯ್ತಿ! ನಲವತ್ತು ವರ್ಷ ಇದಕ್ಕೆ ಹೆದರಿದೆನಲ್ಲ!’ ಅಂಗಡಿಯವರು ಕೊಟ್ಟ ನೀರು ಕುಡಿಯಲು ಹೋಗಿ ನೆತ್ತಿಗೇರಿಸಿಕೊಂಡು ಮತ್ತೆ ನಕ್ಕರು. ಬೀದಿಗಿಳಿದ ಮೇಲೆ ತಟ್ಟನೆ ಸುಮ್ಮನಾಗಿ, ‘ಪಾಪ, ಅತ್ತೆಗೂ ಗೊತ್ತಿರಲಿಕ್ಕಿಲ್ಲ. ಅವರನ್ನೂ ಯಾರೋ ಇದರಲ್ಲೇ ಹೆದರಿಸಿರಬೇಕು’ ಎಂದರು. ಆಮೇಲೆ ಇಬ್ಬರೂ ಒಂದೊಂದು ಗಡ್‌ಬಡ್ ಐಸ್‌ಕ್ರೀಮ್ ತಿಂದೆವು. ಅವರು ನನ್ನದರಲ್ಲೂ ಅರ್ಧ ತಿಂದರು.

ಮರುದಿನದಿಂದ ಉಂಗುರ ತೊಟ್ಟೇ ಮೀನು ತೊಳೆದರು. ನನ್ನ ನಿಶ್ಚಿತಾರ್ಥದಲ್ಲಂತೂ ಯಾರೂ ಕೇಳದಿದ್ದರೂ, ‘ನಮ್ಮ ಹುಡುಗಿಯದ್ದು ಲ್ಯಾಬಿನದ್ದು, ಒಳಗೆ ಒಂದು ಕಸ ಇಲ್ಲ’ ಎಂದು ಬೀಗರಿಗೆಲ್ಲ ಸಾರಿದರು. ನಾನು ನಾಚಿ ನೀರಾದೆ.

ಇಷ್ಟು ಬರೆಯುವಷ್ಟರಲ್ಲಿ ಅವರದೇ ಫೋನ್.

‘ಒಂದು ಜೊತೆ ಓಲೆ ತೆಗೀಲಿಕ್ಕುಂಟು. ಲ್ಯಾಬಿನದ್ದೇ. ನೀನೂ ಬಾ.’

‘ಯಾರಿಗೆ ದೊಡ್ಡಮ್ಮ, ಉಡುಗೊರೆಯಾ?’

‘ನನಗೆ.’

ಒಡವೆಯ ವಿಷಯದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ಎಷ್ಟು ದೊಡ್ಡದು ಬೇಕೆಂದು ಕೇಳಿದೆ.

‘ಕಾವೂರು ಕೆರೆಯ ಆಚೆ ದಡದಲ್ಲಿ ನಿಂತವರಿಗೆ ಕಾಣಬೇಕು.’