ಪಕ್ಕದ ಮನೆಯೊಳಗಿನ ಬೂಸಾನ್

ಗಲ್ಫ್ ನಾಡಿನ ಉಮ್ಮ್ ಸಲಾಲ್‌ನಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿದ್ದ ಕೊರಿಯಾದ ಹೆಂಗಸು ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. ಮಗಳ ಹೆಸರು ಸೇರಿಸಿ, ನಾನು ಅವರಿಗೆ ‘ಚಿನ್ನು ಅಮ್ಮ’. ನನ್ನ ಗಂಡನ ಆಫೀಸ್ ಕೆಲಸದ ನೆಪದಲ್ಲಿ ನಾವು ಮೂವರೂ ಮೊದಲ ಸಲ ಕೊರಿಯಾದ ಬೂಸಾನ್‌ಗೆ ಹೊರಟಾಗ, ಅವರು ನಮಗೆ ಅಭ್ಯಾಸವಾಗಲೆಂದು ತಮ್ಮ ಮನೆಯ ಹಜಾರವನ್ನೇ ಆ ಊರು ಮಾಡಿಬಿಟ್ಟರು. ಸೋಫಾ ಸಮುದ್ರತೀರ, ಊಟದ ಮೇಜು ಸಂಜೆಯ ತಿಂಡಿಬೀದಿ.

ಆದರೆ ನಮ್ಮ ಚಿನ್ನುಗೆ ಸಿಗಡಿ ತಿಂದರೆ ಉಸಿರು ಕಟ್ಟುತ್ತಿತ್ತು.

"ನಮ್ಮ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿಯಲ್ಲೂ ಸಿಗಡಿ ಇರ್ತದೆ," ಎಂದವರೇ ಏಪ್ರನ್ ಕಟ್ಟಿ ಅಂಗಡಿಯವಳಾಗಿ ನಿಂತರು. ‘ಸೇಉ ಆಂದ್ವೇಯೋ’, ಅಂದರೆ ಸಿಗಡಿ ಆಗುವುದಿಲ್ಲ ಎಂದು ನಾನು ಹೇಳಬೇಕು. ನಾಲಿಗೆ ತೊಡರಿದರೆ ಮೇಜು ಬಡಿದು ಅರಬ್ಬಿಯಲ್ಲಿ ಅವಸರಿಸುತ್ತಿದ್ದರು. "ಯಲ್ಲಾ, ಇನ್ನೊಮ್ಮೆ!"

ಬೂಸಾನ್‌ನ ಬೀದಿಯಲ್ಲಿ ಆ ಮಾತು ಸರಿಯಾಗಿಯೇ ಬಂತು. ಅಂಗಡಿಯಾಕೆ ಕಿಮ್ಚಿಯ ತಟ್ಟೆ ಎತ್ತಿಟ್ಟು, ಬೇರೆ ಬಾಣಲೆಯಲ್ಲಿ ಮೊಟ್ಟೆ ಹುರಿದು ಅನ್ನದ ಮೇಲೆ ಹಾಕಿದಳು. ಚಿನ್ನು ಹೊಟ್ಟೆ ತುಂಬ ತಿಂದು, ಕಡಲ ಸೇತುವೆಯ ದೀಪ ನೋಡಲು ಅಪ್ಪನ ಕೈ ಎಳೆದಳು.

ಕಾಲಿಂಗ್ ಕಾರ್ಡ್ ಹಾಕಿ ಉಮ್ಮ್ ಸಲಾಲ್‌ನ ಪಕ್ಕದ ಮನೆಗೆ ಫೋನ್ ಮಾಡಿದೆ. "ಮಗು ಆರಾಮ ಇದ್ದಾಳೆ," ಎಂದೆ. ಆ ಕಡೆಯಿಂದ ಮೂಗು ಸೀಟಿದ ಸದ್ದು ಕೇಳಿತು. ನನ್ನಷ್ಟೇ ಅವರೂ ಹೆದರಿದ್ದರು.